ಹುಲಿಗೂ ಹುಡುಗನಿಗೂ ಬೇಕಾದಷ್ಟು ಜಾಗ

ಪೆಟ್ಟಿಗೆ ಬಂದ ದಿನ ಅದನ್ನು ಬಾಗಿಲಿನಿಂದ ಊಟದ ಮೇಜಿನವರೆಗೆ ಒಯ್ಯಲು ನನ್ನಿಂದ ಆಗಲಿಲ್ಲ. ಹತ್ತು ಕಿಲೋ ಅಕ್ಕಿಯ ಚೀಲದಷ್ಟು ಭಾರ. ಪಕ್ಕದ ಮನೆಯ ಹುಡುಗನನ್ನು ಕರೆದು ಎತ್ತಿಸಿಕೊಂಡೆ. ಒಳಗಿದ್ದದ್ದು ಮೂರೇ ಪುಸ್ತಕ: ‘ದಿ ಕಂಪ್ಲೀಟ್ ಕ್ಯಾಲ್ವಿನ್ ಅಂಡ್ ಹಾಬ್ಸ್’. ಒಟ್ಟು 1,440 ಪುಟ. 1985ರ ನವೆಂಬರ್ 18ರಿಂದ 1995ರ ಡಿಸೆಂಬರ್ 31ರವರೆಗೆ ಪತ್ರಿಕೆಗಳಲ್ಲಿ ಬಂದ, ಅಮೆರಿಕದ ವ್ಯಂಗ್ಯಚಿತ್ರಕಾರ ಬಿಲ್ ವಾಟರ್ಸನ್ ಅವರ 3,160 ಸ್ಟ್ರಿಪ್‌ಗಳು, ಅಂದರೆ ಕೆಲವೇ ಚೌಕಗಳಲ್ಲಿ ಮುಗಿಯುವ ಚಿತ್ರಕಥೆಗಳು, ಒಂದೇ ಕಡೆ. ಅಮೆರಿಕದ ಆಂಡ್ರೂಸ್ ಮೆಕ್‌ಮೀಲ್ ಪ್ರಕಾಶನ ಇದನ್ನು ಹೊರತಂದದ್ದು 2005ರಲ್ಲಿ. ನಾನು ಕೊಂಡದ್ದು ಮೊನ್ನೆ, ದಸರಾ ಕಳೆದ ಮೇಲೆ. ಭವಿಷ್ಯನಿಧಿಯಿಂದ ಬರುವ ಪಿಂಚಣಿಯನ್ನು ಹಲವು ತಿಂಗಳು ಕೂಡಿಟ್ಟು ಕೊಂಡೆ.

ಸಾಗಣೆಯಲ್ಲಿ ಹೊರಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ವಾಪಸು ಕಳುಹಿಸಲು ಮನಸ್ಸು ಬರಲಿಲ್ಲ. ಮೈದಾ ಅಂಟು ಕಾಯಿಸಿ, ರಟ್ಟಿನ ತುಂಡು ಕೊಟ್ಟು, ಮೇಲೆ ಬಟ್ಟೆಪಟ್ಟಿ ಎಳೆದು ಸರಿ ಮಾಡಿದೆ. ಅಂಟು ಮತ್ತು ರಟ್ಟು ನನಗೆ ಹೊಸದಲ್ಲ. ನಾನು 31 ವರ್ಷ ಬೆಂಗಳೂರಿನ ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ದುಡಿದವಳು. ಅಕ್ಷರ ಮೂಡಿಸಿದ ಫೋಟೊ ಕಾಗದವಾದ ಬ್ರೋಮೈಡ್ ಹಾಳೆಯನ್ನು ಬ್ಲೇಡಿನಿಂದ ಕೊಯ್ದು ಅಂಟಿಸುತ್ತಿದ್ದ ಕಾಲದಿಂದ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕಾಲದವರೆಗೆ ಅಲ್ಲಿದ್ದೆ. ರಾತ್ರಿ ಪಾಳಿಯಲ್ಲಿ ಕೊನೆಯ ಪುಟ ಬಿಟ್ಟ ಮೇಲೆ, ಮನೆಗೆ ಬಿಡುವ ವ್ಯಾನು ಬರುವವರೆಗೆ, ಮೇಜಿನ ಮೇಲೆ ಬಿದ್ದಿರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳನ್ನು ತಿರುವಿಹಾಕುತ್ತಿದ್ದೆ. ಕ್ಯಾಲ್ವಿನ್ ಎಂಬ ಆರು ವರ್ಷದ ಹುಡುಗ, ಹಾಬ್ಸ್ ಎಂಬ ಅವನ ಹುಲಿ ನನಗೆ ಸಿಕ್ಕಿದ್ದು ಹಾಗೆ. ಆಮೇಲೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಬಿಡಿ ಸಂಕಲನಗಳನ್ನು ಹುಡುಕಿ ತಂದೆ. ಒಂದಕ್ಕೆ ಹೊದಿಕೆ ಇಲ್ಲ, ಇನ್ನೊಂದಕ್ಕೆ ಕೊನೆಯ ಇಪ್ಪತ್ತು ಪುಟ ಇಲ್ಲ.

ಪುಟ ಕಟ್ಟುವವರಿಗೆ ಕಾಮಿಕ್ ಸ್ಟ್ರಿಪ್ ಎಂದರೆ ಏನು ಎಂಬುದನ್ನು ಹೇಳಬೇಕು. ಜಾಹೀರಾತು ಮೊದಲು, ಸುದ್ದಿ ಆಮೇಲೆ, ಉಳಿದ ಜಾಗ ಅದಕ್ಕೆ. ನಮ್ಮ ಪುರವಣಿಯಲ್ಲೂ ಒಂದು ವಿದೇಶಿ ಚಿತ್ರಸರಣಿ ಬರುತ್ತಿತ್ತು. ಸಂಜೆ ಏಳಕ್ಕೆ ಸೀರೆ ಅಂಗಡಿಯ ಜಾಹೀರಾತು ಬಂತೆಂದರೆ ನಾಲ್ಕು ಕಾಲಂನ ಚಿತ್ರ ಮೂರು ಕಾಲಂಗೆ ಇಳಿಯುತ್ತಿತ್ತು. ಮಾತಿನ ಗುಳ್ಳೆಯೊಳಗಿನ ಅಕ್ಷರ ಇರುವೆಸಾಲಿನಂತಾಗುತ್ತಿತ್ತು. ಒಮ್ಮೆ ಒಂದು ಚೌಕವನ್ನೇ ತೆಗೆದು ಪುಟ ಬಿಟ್ಟಿದ್ದೇನೆ. ಮರುದಿನ ತುಮಕೂರಿನ ಕಡೆಯ ಹುಡುಗನೊಬ್ಬ ಕಾರ್ಡು ಬರೆದಿದ್ದ: ‘ಮೂರನೆಯ ಚಿತ್ರ ಎಲ್ಲಿ?’ ಅದಕ್ಕೆ ನಾನು ಉತ್ತರ ಬರೆಯಲಿಲ್ಲ. ಆ ಕಾರ್ಡು ಇಂದಿಗೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ.

ಅದಕ್ಕೇ ಈ ಪೆಟ್ಟಿಗೆಯಲ್ಲಿ ನಾನು ಮೊದಲು ತೆರೆದದ್ದು 1992ರ ಫೆಬ್ರವರಿಯ ನಂತರದ ಭಾನುವಾರಗಳನ್ನು. ಅಮೆರಿಕದ ಪತ್ರಿಕೆಗಳಲ್ಲಿ ಭಾನುವಾರದ ಸ್ಟ್ರಿಪ್ ಮೂರು ಸಾಲಿನದು. ಜಾಗ ಸಾಲದಿದ್ದರೆ ಸಂಪಾದಕರು ಮೇಲಿನ ಸಾಲನ್ನು ಕಿತ್ತುಹಾಕಬಹುದು, ಚೌಕಗಳನ್ನು ಹಿಂದೆ ಮುಂದೆ ಜೋಡಿಸಿಕೊಳ್ಳಬಹುದು. ಆದ್ದರಿಂದ ಚಿತ್ರಕಾರ ಮೊದಲ ಸಾಲಿನಲ್ಲಿ ಮುಖ್ಯವಾದದ್ದೇನನ್ನೂ ಹೇಳುವಂತಿರಲಿಲ್ಲ, ಚೌಕಗಳ ಅಳತೆಯನ್ನೂ ಬದಲಿಸುವಂತಿರಲಿಲ್ಲ. ವಾಟರ್ಸನ್ ಒಂಬತ್ತು ತಿಂಗಳು ರಜೆ ಹೋಗಿ ಬಂದ ಮೇಲೆ ಈ ಕಟ್ಟಳೆಗೆ ಒಪ್ಪಲಿಲ್ಲ. ಭಾನುವಾರದ ಸ್ಟ್ರಿಪ್ ಅರ್ಧ ಪುಟದ ಒಂದೇ ಅಖಂಡ ಚಿತ್ರ, ಹಾಕುವುದಾದರೆ ಇಡಿಯಾಗಿ ಹಾಕಿ ಎಂಬ ಷರತ್ತಿನ ಮೇಲೆ ಅದು ಮಾರಾಟಕ್ಕೆ ಹೋಯಿತು. ಹಲವು ಸಂಪಾದಕರು ಸಿಡಿಮಿಡಿಗೊಂಡರು. ನಾನು ಆ ಹೊತ್ತಿನಲ್ಲಿ ಅಲ್ಲಿ ಪುಟ ಕಟ್ಟುತ್ತಿದ್ದರೆ ನಾನೂ ಬೈಯುತ್ತಿದ್ದೆ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಈಗ ಆ ಪುಟಗಳನ್ನು ನೋಡಿದರೆ ಎದ್ದು ನಿಂತು ಕೈ ಮುಗಿಯಬೇಕೆನಿಸುತ್ತದೆ. ಯುದ್ಧವಿಮಾನ ಹಾರಿಸುವ ಟಿರನೊಸಾರಸ್ ಡೈನೋಸಾರ್‌ಗಳು, ಬೇರೆ ಗ್ರಹಗಳ ಕೆಂಪು ಕಣಿವೆಗಳು, ಒಂದೂ ಮಾತಿಲ್ಲದೆ ಓಡುವ ಪೂರಾ ಪುಟ. ಸಣ್ಣ ಕುಂಚದಿಂದ ಎಳೆದ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಕೂದಲೆಳೆಯಷ್ಟು ತೆಳು. ಇದನ್ನು ಮೂರು ಕಾಲಂಗೆ ಇಳಿಸಿದರೆ ಆ ಉಸಿರೇ ನಿಂತುಹೋಗುತ್ತದೆ.

ಈ ಮನುಷ್ಯ ಪುಟದ ಕಷ್ಟ ಗೊತ್ತಿಲ್ಲದವರೇನಲ್ಲ. ಒಹಾಯೊ ರಾಜ್ಯದ ಶಾಗ್ರಿನ್ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ ಬೆಳೆದವರು. ಕಾಲೇಜು ಮುಗಿಸಿ ಸಿನ್ಸಿನ್ನಾಟಿಯ ಪತ್ರಿಕೆಯೊಂದಕ್ಕೆ ರಾಜಕೀಯ ವ್ಯಂಗ್ಯಚಿತ್ರಕಾರರಾಗಿ ಸೇರಿ ಕೆಲವೇ ತಿಂಗಳಲ್ಲಿ ಕೆಲಸ ಕಳೆದುಕೊಂಡರು. ಆಮೇಲೆ ನಾಲ್ಕು ವರ್ಷ ಪುಕ್ಕಟೆ ಹಂಚುವ ಜಾಹೀರಾತು ಪತ್ರಿಕೆಗೆ ಕಾರಿನ, ದಿನಸಿಯ ಜಾಹೀರಾತುಗಳನ್ನು ಜೋಡಿಸುತ್ತ ಕುಳಿತಿದ್ದರು. ಅದು ನನ್ನದೇ ಕೆಲಸ. ಆ ವರ್ಷಗಳಲ್ಲಿ ಬಿಡುವಿನಲ್ಲಿ ಬರೆದು ಕಳುಹಿಸಿದ ಚಿತ್ರಗಳಲ್ಲಿ ಈ ಹುಡುಗ ಮತ್ತು ಹುಲಿ ಹುಟ್ಟಿಕೊಂಡರು. ಶುರುವಿನಲ್ಲಿ ಸುಮಾರು 35 ಪತ್ರಿಕೆಗಳಷ್ಟೇ ತೆಗೆದುಕೊಂಡದ್ದು, ಉತ್ತುಂಗದಲ್ಲಿ ಅದು 2,400 ಪತ್ರಿಕೆಗಳಲ್ಲಿ ಬರುತ್ತಿತ್ತು.

ಜಾಗ ಎಂಬ ಮಾತನ್ನು ನಾನು ಅಳತೆಯ ಅರ್ಥದಲ್ಲಷ್ಟೇ ಹೇಳುತ್ತಿಲ್ಲ. ಮೊದಲ ಸಂಪುಟದ ಮೊದಲ ಸ್ಟ್ರಿಪ್ ನೋಡಿ. ಹುಡುಗ ಟ್ಯೂನಾ ಮೀನಿನ ಸ್ಯಾಂಡ್‌ವಿಚ್ ಕಟ್ಟಿ ಹುಲಿಗೆ ಬಲೆ ಹಾಕಿದ್ದಾನೆ, ಹೋಗಿ ನೋಡಿಬರುತ್ತೇನೆ ಎಂದು ಅಪ್ಪನಿಗೆ ಹೇಳಿ ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಹುಲಿ ತಲೆಕೆಳಗಾಗಿ ನೇತಾಡುತ್ತ ಸ್ಯಾಂಡ್‌ವಿಚ್ ತಿನ್ನುತ್ತಿದೆ. ಇಲ್ಲಿಂದ ಹತ್ತು ವರ್ಷ ಒಂದೇ ನಿಯಮ: ಹುಡುಗನ ಜೊತೆ ಇರುವಾಗ ಹಾಬ್ಸ್ ಎರಡು ಕಾಲಿನ ಮೇಲೆ ನಡೆಯುವ, ತರ್ಕ ಮಾಡುವ, ಬಾಗಿಲ ಮರೆಯಿಂದ ಹಾರಿ ಬೀಳುವ ಹುಲಿ, ದೊಡ್ಡವರು ಇರುವ ಚೌಕದಲ್ಲಿ ಅದು ಗುಂಡಿಯಂಥ ಕಣ್ಣಿನ ಬಟ್ಟೆಯ ಗೊಂಬೆ. ಎರಡರಲ್ಲಿ ಯಾವುದು ನಿಜ ಎಂದು ಚಿತ್ರಕಾರ ಹೇಳುವುದೇ ಇಲ್ಲ. ಅಮ್ಮ ಒಳಗೆ ಬಂದಳು, ಚೌಕ ಬದಲಾಯಿತು, ಅಷ್ಟೇ. ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂಬ ಸಣ್ಣ ಸೂಚನೆಯೂ 3,160ರಲ್ಲಿ ಒಂದು ಕಡೆಯೂ ನನಗೆ ಕಾಣಲಿಲ್ಲ.

ಇದನ್ನು ಕಾಪಾಡಲು ವಾಟರ್ಸನ್ ತಮ್ಮ ಸಿಂಡಿಕೇಟ್ ಜೊತೆಗೇ, ಅಂದರೆ ಸ್ಟ್ರಿಪ್ಪನ್ನು ಪತ್ರಿಕೆಗಳಿಗೆ ಮಾರುವ ಸಂಸ್ಥೆಯ ಜೊತೆಗೇ, ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆಸಿದರು. ಗೊಂಬೆ, ಲೋಟ, ಟಿವಿ ಸರಣಿ, ಯಾವುದಕ್ಕೂ ಅನುಮತಿ ಕೊಡಲಿಲ್ಲ. ದೊಡ್ಡ ಮೊತ್ತದ ಹಣ ಬಿಟ್ಟುಕೊಟ್ಟರು. ನನ್ನ ಪ್ರಕಾರ ಸ್ಟ್ರಿಪ್ ಇನ್ನೂ ತಾಜಾ ಇರುವುದಕ್ಕೆ ಅರ್ಧ ಕಾರಣ ಅದು. ಅಂಗಡಿಯಲ್ಲಿ ಹಾಬ್ಸ್ ಗೊಂಬೆ ಮಾರಾಟಕ್ಕೆ ಬಂದ ದಿನವೇ ಹಾಬ್ಸ್ ಗೊಂಬೆ ಎಂದು ತೀರ್ಮಾನವಾಗಿಬಿಡುತ್ತಿತ್ತು.

ಈಗ ಒಂದು ಕಥೆಯ ಬಗ್ಗೆ ನಿಂತು ಹೇಳಬೇಕು. 1987ರಲ್ಲಿ ಬಂದ ರಕೂನ್ ಮರಿಯ ಕಥೆ. ರಕೂನ್ ಎಂದರೆ ಕಣ್ಣ ಸುತ್ತ ಕಪ್ಪು ಪಟ್ಟಿ ಇರುವ, ನಮ್ಮ ಕಡೆ ಕಾಣದ ಪುಟ್ಟ ಪ್ರಾಣಿ. ಗಾಯಗೊಂಡ ಮರಿಯೊಂದು ಕ್ಯಾಲ್ವಿನ್‌ಗೆ ಸಿಗುತ್ತದೆ. ಅಮ್ಮನನ್ನು ಕರೆಯುತ್ತಾನೆ. ಯಾವಾಗಲೂ ಅವನ ಮೇಲೆ ರೇಗುವ ಅಮ್ಮ ಈ ಸಲ ರೇಗದೆ ಅದನ್ನು ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿಸುತ್ತಾಳೆ. ಮರಿ ಉಳಿಯುವುದಿಲ್ಲ. ಅಪ್ಪ ಅದನ್ನು ಮುಚ್ಚಿಡುವುದಿಲ್ಲ. ಸತ್ತುಹೋಯಿತು, ಆದರೆ ಬೆಚ್ಚಗೆ, ಭಯವಿಲ್ಲದೆ ಸತ್ತಿತು ಎಂದು ಮಗನಿಗೆ ಹೇಳುತ್ತಾನೆ. ಮೊನ್ನೆ ಮೊನ್ನೆಯವರೆಗೆ ಆ ಜೀವ ಇದೆ ಎಂದೇ ನನಗೆ ಗೊತ್ತಿರಲಿಲ್ಲ, ಈಗ ಇನ್ನೆಂದೂ ಇಲ್ಲ ಎಂದು ಹುಡುಗ ಗುಂಡಿಯ ಪಕ್ಕ ನಿಂತು ಯೋಚಿಸುತ್ತಾನೆ. ಕೊನೆಗೆ ಹುಲಿಯ ಕಡೆ ತಿರುಗಿ, ನೀನು ಮಾತ್ರ ಎಲ್ಲಿಗೂ ಹೋಗಬೇಡ ಎನ್ನುತ್ತಾನೆ.

ನನ್ನ ಮಗಳಿಗೆ ಏಳು ವರ್ಷವಿದ್ದಾಗ ಹಿತ್ತಲಿನ ಮಾವಿನ ಮರದಿಂದ ಅಳಿಲು ಮರಿಯೊಂದು ಬಿತ್ತು. ಚಪ್ಪಲಿಯ ಡಬ್ಬಿಯಲ್ಲಿ ಹತ್ತಿ ಹಾಸಿ, ಇಂಕ್ ಫಿಲ್ಲರಿನಲ್ಲಿ ಹಾಲು ಹನಿಸಿದಳು. ಬೆಳಗಾಗುವಷ್ಟರಲ್ಲಿ ಅದು ತಣ್ಣಗಾಗಿತ್ತು. ಅವಳು ಏಳುವ ಮೊದಲೇ ಗುಲಾಬಿ ಗಿಡದ ಬುಡದಲ್ಲಿ ಹೂತುಬಿಟ್ಟೆ. “ಅದು ಅದರ ಅಮ್ಮನ ಹತ್ತಿರ ಹೋಯಿತು, ಪುಟ್ಟಿ” ಎಂದೆ. ಎಷ್ಟೋ ದಿನ ಅವಳು ಶಾಲೆಯಿಂದ ಬಂದ ತಕ್ಷಣ ಮರದ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. ಹೋದ ತಿಂಗಳು ಊರಿಗೆ ಬಂದಾಗ ಇದೇ ಮೇಜಿನ ಮೇಲೆ ಆ ಪುಟಗಳನ್ನು ಓದಿದಳು. ಓದಿ ಮುಗಿಸಿ, ತಲೆ ಎತ್ತದೆ, “ಅಮ್ಮ, ಆ ಅಳಿಲು ಸತ್ತೇ ಹೋಗಿತ್ತು ಅಲ್ಲವೇ?” ಎಂದು ಕೇಳಿದಳು. ಹೌದು ಎಂದೆ. ಎಲ್ಲಿ ಹೂತೆ ಎಂದು ಕೇಳಿದಳು. ಅದನ್ನೂ ಹೇಳಿದೆ.

ಚಿಕ್ಕವರಿದ್ದಾಗ ಹುಡುಗನ ಪಕ್ಷ, ದೊಡ್ಡವರಾದ ಮೇಲೆ ಅಪ್ಪ ಅಮ್ಮನ ಪಕ್ಷ, ಹೀಗೆ ಎರಡು ಕಡೆಯಿಂದಲೂ ಓದಿಸಿಕೊಳ್ಳುವ ಶಕ್ತಿ ಇದಕ್ಕಿದೆ. ಮದುವೆಗೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ಮನೆಗೆ ಕಳ್ಳರು ನುಗ್ಗಿದ್ದ ಪ್ರಸಂಗವೊಂದಿದೆ. ಹುಡುಗನಿಗೆ ಚಿಂತೆ ಒಂದೇ: ಮನೆಯಲ್ಲೇ ಬಿಟ್ಟುಹೋಗಿದ್ದ ಹಾಬ್ಸ್ ಇದ್ದಾನೆಯೇ? ಇದ್ದಾನೆ. ಅವನು ನಿದ್ದೆ ಹೋಗುತ್ತಾನೆ. ಅಪ್ಪನಿಗೆ ನಿದ್ದೆ ಬರುವುದಿಲ್ಲ. ದೊಡ್ಡವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ, ಹೊತ್ತಿಗೆ ತೋಚಿದಂತೆ ಮಾಡಿಕೊಂಡು ಹೋಗುವುದೇ ದೊಡ್ಡತನ ಎಂದು ತಿಳಿದಿದ್ದರೆ ದೊಡ್ಡವನಾಗಲು ಅಷ್ಟು ಅವಸರ ಪಡುತ್ತಿರಲಿಲ್ಲ ಎಂಬರ್ಥದ ಮಾತು ಹೇಳುತ್ತಾನೆ. ನನ್ನ ಯಜಮಾನರು ತೀರಿಕೊಂಡ ವರ್ಷ ಆ ಸ್ಟ್ರಿಪ್ಪನ್ನು ಹಳೆಯ ಸಂಕಲನದಿಂದ ಕತ್ತರಿಸಿ ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದೆ.

ಕೊರತೆಗಳನ್ನೂ ಹೇಳಿಬಿಡುತ್ತೇನೆ. ಅಪ್ಪನಿಗೂ ಅಮ್ಮನಿಗೂ ಇಲ್ಲಿ ಹೆಸರಿಲ್ಲ. ಮಗನಿಗೆ ಅವರು ಬರೀ ಅಪ್ಪ, ಅಮ್ಮ, ಅದು ಸರಿ. ಆದರೆ ಅಪ್ಪನಿಗೆ ಪೇಟೆಂಟ್ ವಕೀಲಿಯ ಕಚೇರಿ, ಸೈಕಲ್, ಮೀನು ಹಿಡಿಯುವ ಹುಚ್ಚು ಎಲ್ಲ ಇದೆ. ಅಮ್ಮನನ್ನು ಹೆಚ್ಚಾಗಿ ಒಲೆಯ ಮುಂದೆಯೇ ಕಾಣುತ್ತೇವೆ. ಅವಳಿಗೂ ಒಂದು ಭಾನುವಾರದ ಅರ್ಧ ಪುಟ ಸಿಗಬೇಕಿತ್ತು ಎಂದು ನನಗೆ ಬೇಸರವಿದೆ. ನೆರೆಮನೆಯ ಸೂಸಿ ಮಾತ್ರ ಗಟ್ಟಿಗಿತ್ತಿ, ಕ್ಯಾಲ್ವಿನ್‌ನ ಬಹುಪಾಲು ಯುದ್ಧಗಳನ್ನು ಗೆಲ್ಲುವವಳು ಅವಳೇ. ಇನ್ನು ಭಾಷೆ. ಈ ಹುಡುಗ ಪ್ರಾಧ್ಯಾಪಕರಂತೆ ಮಾತನಾಡುತ್ತಾನೆ. ಹೆಸರುಗಳೂ 16ನೆಯ ಶತಮಾನದ ಧರ್ಮಶಾಸ್ತ್ರಜ್ಞ ಜಾನ್ ಕ್ಯಾಲ್ವಿನ್, 17ನೆಯ ಶತಮಾನದ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಅವರಿಂದ ಬಂದವು. ಚಿಕ್ಕ ಮಕ್ಕಳಿಗೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುವವರು ಬೇಕು.

ಭಾರವೂ ನಿಜವಾದ ತೊಂದರೆ. ಮಲಗಿ ಓದಲಾಗದು, ಮಗುವಿನ ತೊಡೆಯ ಮೇಲೆ ಇಡಲಾಗದು. 2012ರಲ್ಲಿ ಇದೇ ಸಮಗ್ರ ನಾಲ್ಕು ಸಂಪುಟಗಳ ಪೇಪರ್‌ಬ್ಯಾಕ್ ಆಗಿ ಬಂದಿದೆ. ಮಕ್ಕಳಿರುವ ಮನೆಗೆ ಅದನ್ನೇ ಕೊಳ್ಳಿ. ಹಗುರ, ಬೆಲೆಯೂ ಕಡಿಮೆ. ಗಟ್ಟಿ ರಟ್ಟಿನದು ನನ್ನಂತೆ ಮೇಜು, ಬೆಳಕು ಮತ್ತು ಮಧ್ಯಾಹ್ನಗಳು ಇರುವವರಿಗೆ.

ಮೊಮ್ಮಗ ಮೂರನೆಯ ಸಂಪುಟವನ್ನು ಚಾಪೆಯ ಮೇಲೆ ಹರಡಿಕೊಂಡು, ಹೊಟ್ಟೆ ಅಡಿಯಾಗಿ ಮಲಗಿ ಹಿಂದಿನಿಂದ ಮುಂದಕ್ಕೆ ತಿರುವುತ್ತಾನೆ. ಹಾಗಾಗಿ ಅವನು ಮೊದಲು ಕಂಡದ್ದು ಕಟ್ಟಕಡೆಯ ಸ್ಟ್ರಿಪ್. 1995ರ ಡಿಸೆಂಬರ್ 31, ಭಾನುವಾರ. ರಾತ್ರಿಯಿಡೀ ಹಿಮ ಬಿದ್ದಿದೆ, ಹುಡುಗ ಮತ್ತು ಹುಲಿ ಜಾರುಬಂಡಿ ಹೊತ್ತು ಬಂದಿದ್ದಾರೆ. ಮೈಸೂರಿನಲ್ಲಿ ಬೆಳೆಯುತ್ತಿರುವ ಮಗು ಹಿಮ ಕಂಡಿಲ್ಲ. ಬೆಳ್ಳಗೆ ಬಿಟ್ಟ ಜಾಗದ ಮೇಲೆ ಬೆರಳಿಟ್ಟು, “ಅಜ್ಜಿ, ಇಲ್ಲಿ ಚಿತ್ರ ಬರೆಯುವುದನ್ನು ಮರೆತುಬಿಟ್ಟಿದ್ದಾರೆ” ಎಂದ.

ನನ್ನ ಕಣ್ಣಿಗೂ ಅದು ಮೊದಲು ಹಾಗೆಯೇ ಕಂಡಿತ್ತು. ಡೆಸ್ಕಿನಲ್ಲಿ ಅಷ್ಟು ಖಾಲಿ ಬಿಟ್ಟರೆ ಮುಖ್ಯ ಉಪಸಂಪಾದಕರು ಕೂಗಿ ಕರೆಯುತ್ತಿದ್ದರು. ನಾನು ಹುಲಿಯ ಮಾತನ್ನು ಕನ್ನಡದಲ್ಲಿ ಓದಿ ಹೇಳಿದೆ: ಇದು ಚಿತ್ರ ಬರೆಯಲು ಸಿಕ್ಕ ದೊಡ್ಡ ಬಿಳಿ ಹಾಳೆಯ ಹಾಗಿದೆ. ಅವನು ಒಂದು ಕ್ಷಣ ಸುಮ್ಮನಿದ್ದು ಪೆನ್ಸಿಲ್ ಕೇಳಿದ. ಪುಸ್ತಕದ ಮೇಲೆ ಬೇಡ ಎಂದು, ಕಚೇರಿಯಿಂದ ತಂದು ಇಟ್ಟುಕೊಂಡಿದ್ದ ಹಳೆಯ ಡಮ್ಮಿ ಹಾಳೆಯೊಂದನ್ನು, ಪತ್ರಿಕೆಯ ಪುಟದ ನಕ್ಷೆ ಹಾಕುವ ಹಾಳೆಯನ್ನು, ಕೊಟ್ಟೆ. ಎಂಟು ಕಾಲಂಗಳ ನೀಲಿ ಗೆರೆ ಅದರಲ್ಲಿ ಅಚ್ಚಾಗಿತ್ತು. ಅವನು ಯಾವ ಗೆರೆಯನ್ನೂ ಲೆಕ್ಕಿಸದೆ, ಈ ತುದಿಯಿಂದ ಆ ತುದಿಗೆ, ಒಂದೇ ಒಂದು ಬಾಲ ಬರೆದ.