ಸರೋವರದ ಐಸ್ ಲೆಕ್ಕಕ್ಕೆ ಫ್ಲೇಕ್ ಸಾಕಾ, ಜಿಎಲ್‌ಎಂ ಬೇಕಾ?

ಮಡಿಕೇರಿಯಲ್ಲಿ ಕೂತು ಸರೋವರ ಹೆಪ್ಪುಗಟ್ಟುವ ಮಾಡೆಲ್ ಓಡಿಸುವವರು ಜಾಸ್ತಿ ಇರಲಿಕ್ಕಿಲ್ಲ. ನನಗಂತೂ ಇದು ತುಂಬಾ ಇಷ್ಟದ ಕೆಲಸ. ಫ್ಲೇಕ್ (FLake), ಜಿಎಲ್‌ಎಂ (General Lake Model) ಎರಡೂ ಹವಾಮಾನದ ಅಂಕಿಗಳಿಂದ ಸರೋವರದ ನೀರಿನ ಉಷ್ಣತೆ, ಐಸ್ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳು. ಪರೀಕ್ಷೆಗೆ ಅಮೆರಿಕದ ವಿಸ್ಕಾನ್ಸಿನ್‌ನ ಮೆಂಡೋಟ ಸರೋವರ ಆರಿಸಿಕೊಂಡೆ. ಅಲ್ಲಿ ಐಸ್ ಕಟ್ಟಿದ, ಒಡೆದ ದಿನಗಳ ದಾಖಲೆ 1850ರ ದಶಕದಿಂದ ಇದೆ. ಮಾಡೆಲ್‌ನ ಉತ್ತರವನ್ನು ಒರೆಗೆ ಹಚ್ಚಲು ಇನ್ನೇನು ಬೇಕು, ಅಲ್ವಾ?

ಮಾಡೆಲ್ ಇಲ್ಲದೆ ಕಾಗದದ ಮೇಲೇ ಐಸ್‌ನ ದಪ್ಪ ಲೆಕ್ಕ ಹಾಕಲು ಸ್ಟೆಫಾನ್ ಸೂತ್ರ ಇದೆ. ಗಾಳಿ ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗಿತ್ತು ಎಂದು ದಿನ ದಿನಕ್ಕೆ ಕೂಡಿಸಿ, ವರ್ಗಮೂಲ ತೆಗೆದು, ಸುಮಾರು 3.5ರಿಂದ ಗುಣಿಸಬೇಕು. 100 ಡಿಗ್ರಿ-ದಿನಕ್ಕೆ 35 ಸೆಂಟಿಮೀಟರ್ ಐಸ್. ಮೇಲೆ ಹಿಮ ಬಿದ್ದರೆ ಅಷ್ಟು ದಪ್ಪ ಬರುವುದಿಲ್ಲ. ಐಸ್ ಯಾವಾಗ ಶುರುವಾಗುತ್ತದೆ ಎಂಬುದೂ ಇದಕ್ಕೆ ಗೊತ್ತಿಲ್ಲ.

ಫ್ಲೇಕ್ ಬಹಳ ಚುರುಕು. ವರ್ಷಗಟ್ಟಲೆಯ ಹವಾಮಾನ ಕೊಟ್ಟರೂ ಕ್ಷಣದಲ್ಲಿ ಉತ್ತರ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಹಾಗಾಗಿ ಇದು ಸಣ್ಣ ಗುಣವಲ್ಲ. ಒಂದು ಎಚ್ಚರ: ಮಾಡೆಲ್ ಆಳ ಕೇಳಿದಾಗ ಸರಾಸರಿ ಆಳ ಕೊಡಿ. ಮೆಂಡೋಟದ ಗರಿಷ್ಠ ಆಳ ಸುಮಾರು 25 ಮೀಟರ್, ಸರಾಸರಿ ಅದರ ಅರ್ಧ. ಗರಿಷ್ಠ ಕೊಟ್ಟರೆ ನೀರಿನಲ್ಲಿ ಶಾಖ ಜಾಸ್ತಿ ಉಳಿದು, ಐಸ್ ತಡವಾಗಿ ಕಟ್ಟುತ್ತದೆ.

ಫ್ಲೇಕ್‌ನ ದೊಡ್ಡ ಕೊರತೆ ಹಿಮ. ಅದರ ಹಿಮದ ಭಾಗವನ್ನು ಸಾಮಾನ್ಯವಾಗಿ ಯಾರೂ ಬಳಸುವುದಿಲ್ಲ. ಹೊಸ ಹಿಮದಲ್ಲಿ ಶಾಖ ಸಾಗುವುದು ಐಸ್‌ನಲ್ಲಿ ಸಾಗುವುದರ ಹತ್ತನೇ ಒಂದು ಪಾಲೂ ಇಲ್ಲ. ಹಿಮ ಹೊದ್ದ ಐಸ್ ನಿಧಾನವಾಗಿ ಬೆಳೆಯುತ್ತದೆ. ಲೆಕ್ಕದಲ್ಲಿ ಹಿಮವನ್ನು ಕೈಬಿಟ್ಟರೆ ಐಸ್ ಸುಮ್ನೆ ದಪ್ಪವಾಗುತ್ತಾ ಹೋಗುತ್ತದೆ. ನನಗೆ ಬಂದ ಉತ್ತರವೂ ಹಾಗೇ ಇತ್ತು.

ಜಿಎಲ್‌ಎಂ ಗೆದ್ದದ್ದು ಇಲ್ಲೇ. ಅದು ಹಿಮ, ಬಿಳಿ ಐಸ್, ನೀಲಿ ಐಸ್ ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕುತ್ತದೆ. ಹಿಮದ ಭಾರಕ್ಕೆ ಐಸ್ ತಗ್ಗಿದರೆ ಬಿರುಕಿನಿಂದ ನೀರು ಮೇಲೆ ಬಂದು, ಹಿಮವನ್ನು ನೆನೆಸಿ ಹೆಪ್ಪುಗಟ್ಟುತ್ತದೆ. ಅದೇ ಬಿಳಿ ಐಸ್. ಸರೋವರದ ನೀರೇ ಕೆಳಗೆ ಹೆಪ್ಪುಗಟ್ಟಿದ ತಿಳಿಯಾದ ಐಸ್ ನೀಲಿ ಐಸ್. ಬೆಳಕು ಅದರೊಳಗೆ ನೀಲಿ ಐಸ್‌ನಲ್ಲಿ ಹೋದಷ್ಟು ಸಲೀಸಾಗಿ ಹೋಗುವುದಿಲ್ಲ. ಐಸ್ ಒಡೆಯುವ ದಿನ ಹೇಳಲು ಇದೆಲ್ಲ ಬೇಕು. ಆದರೆ ಆಳಕ್ಕೆ ತಕ್ಕ ವಿಸ್ತೀರ್ಣದ ಪಟ್ಟಿ, ಒಳಹರಿವು, ಹಿಮಪಾತ ಎಲ್ಲವನ್ನೂ ನೀವೇ ಹೊಂದಿಸಬೇಕು. ತಾಳ್ಮೆ ಬೇಡುವ ಕೆಲಸ.

ಐಸ್ ಶುರುವಾಗುವ ದಿನ ಮಾತ್ರ ಬೇಕಾದರೆ ಫ್ಲೇಕ್ ಧಾರಾಳ ಸಾಕು. ದಪ್ಪ ಮತ್ತು ಒಡೆಯುವ ದಿನಕ್ಕೆ ನಾನು ಜಿಎಲ್‌ಎಂ ಬಿಟ್ಟು ಬೇರೆ ಮುಟ್ಟುವುದಿಲ್ಲ. ಆರ್ (R) ಪ್ರೋಗ್ರಾಮಿಂಗ್ ಭಾಷೆ ಬಳಸುವವರಿಗೆ ಲೇಕ್‌ಎನ್‌ಸೆಂಬಲ್‌ಆರ್ ಪ್ಯಾಕೇಜ್ ಇದೆ, ಒಂದೇ ಹವಾಮಾನ ಫೈಲಿನಿಂದ ಎರಡನ್ನೂ ಓಡಿಸಬಹುದು. ಹೊಸ ಸೆಟಪ್ ಮಾಡಿದಾಗ ಮೊದಲು ನಮ್ಮ ಹಾರಂಗಿ ಜಲಾಶಯದ ಹವಾಮಾನ ಕೊಟ್ಟು ನೋಡಿ. ಅಲ್ಲಿ ಒಂದು ಮಿಲಿಮೀಟರ್ ಐಸ್ ತೋರಿಸಿದರೂ ಇನ್‌ಪುಟ್ ಫೈಲಿನ ಕಾಲಂಗಳನ್ನು ಮತ್ತೆ ತಪಾಸಣೆ ಮಾಡಿ.