ಕಾಡಿನಿಂದ ಬಯೋಬ್ಯಾಂಕ್‌ಗೆ: ನಾಲ್ಕು ಲೀಟರ್ ಡ್ರೈ ಶಿಪ್ಪರ್ ಹೇಗಿದೆ?

ಹಸುಗಳ ಕೃತಕ ಗರ್ಭಧಾರಣೆಗೆ ಬಳಸುವ ಮೂರು ಲೀಟರಿನ ನೈಟ್ರೋಜನ್ ಕ್ಯಾನ್ ಇರುವಾಗ ಡ್ರೈ ಶಿಪ್ಪರಿಗೇಕೆ, ಅಂದರೆ ಹೆಪ್ಪುಗಟ್ಟಿಸಿದ ಮಾದರಿಗಳನ್ನು ನೈಟ್ರೋಜನ್ ತಂಪಿನಲ್ಲಿ ಸಾಗಿಸುವ ಈ ಪೆಟ್ಟಿಗೆಗೇಕೆ, ಅಷ್ಟು ದುಡ್ಡು ಸುರಿಯಬೇಕು? ಕೆಲಸವೆಲ್ಲ ಒಂದೇ ತಾಲ್ಲೂಕಿನೊಳಗೆ ಮುಗಿಯುವುದಾದರೆ ಬೇಡ, ಆ ಕ್ಯಾನೇ ಸಾಕು. ಸತ್ತ ಚಿರತೆಯ ವೃಷಣದಿಂದ ತೆಗೆದ ವೀರ್ಯವನ್ನೋ ಕಿವಿಯಂಚಿನ ಚರ್ಮದಿಂದ ಬೆಳೆಸಿದ ಜೀವಕೋಶವನ್ನೋ ಹೈದರಾಬಾದಿನ ಲಾಕೋನ್ಸ್‌ನಂಥ (ಅಳಿವಿನಂಚಿನ ಪ್ರಾಣಿಗಳ ಸಂರಕ್ಷಣೆಯ ಪ್ರಯೋಗಾಲಯ) ಬಯೋಬ್ಯಾಂಕಿಗೆ, ಅಂದರೆ ಇಂಥ ಮಾದರಿಗಳನ್ನು ಹೆಪ್ಪುಗಟ್ಟಿಸಿ ಕಾಪಿಡುವ ಭಂಡಾರಕ್ಕೆ, ಮುಟ್ಟಿಸಬೇಕಾದರೆ ಮಾತು ಬೇರೆ.

ಮಾಮೂಲಿ ಕ್ಯಾನಿನಲ್ಲಿ ದ್ರವ ಕುಲುಕಾಡುತ್ತಿರುತ್ತದೆ. ಜೀಪಿನಲ್ಲಿ ಉರುಳಿದರೆ ಚೆಲ್ಲುತ್ತದೆ, ವಿಮಾನದವರು ಅದನ್ನು ಅಪಾಯಕಾರಿ ಸರಕೆಂದೇ ನೋಡುತ್ತಾರೆ. ಡ್ರೈ ಶಿಪ್ಪರಿನಲ್ಲಿ ಒಳಗೋಡೆಯ ಸರಂಧ್ರ ಪದಾರ್ಥ ದ್ರವವನ್ನು ಸ್ಪಂಜಿನಂತೆ ಹೀರಿಕೊಂಡಿರುತ್ತದೆ. ಮಾದರಿಗೆ ತಾಗುವುದು −150 ಡಿಗ್ರಿಗೂ ಕೆಳಗಿನ ಆವಿ ಮಾತ್ರ. ಹೀರದೆ ಉಳಿದ ದ್ರವವನ್ನು ಪೂರ್ತಿ ಸುರಿದಿದ್ದರೆ ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎಯ ಎ152 ವಿನಾಯಿತಿಯಡಿ ಸಾಮಾನ್ಯ ಸರಕಾಗಿಯೇ ಹೋಗುತ್ತದೆ.

ಇದರ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ತುಂಬಿಸುವ ಹಂತದವೇ. ಕತ್ತಿನವರೆಗೆ ಒಮ್ಮೆ ಸುರಿದು ಮುಚ್ಚಿಬಿಟ್ಟರೆ ಹೀರುಪದಾರ್ಥ ಅರ್ಧಂಬರ್ಧ ನೆನೆಯುತ್ತದೆ. ಮೊದಲು ಖಾಲಿ ಪೆಟ್ಟಿಗೆಯ ತೂಕ ಬರೆದಿಡಿ. ನಿಧಾನವಾಗಿ ತುಂಬಿಸಿ, ಕುದಿತ ಇಳಿದ ಮೇಲೆ ಮತ್ತೆ ತುಂಬಿಸಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ. ಹೆಚ್ಚುವರಿ ದ್ರವ ಸುರಿದ ಮೇಲೆ ತಕ್ಕಡಿಗಿಡಿ. ದ್ರವ ನೈಟ್ರೋಜನ್ ಲೀಟರಿಗೆ ಸುಮಾರು 0.8 ಕಿಲೋ, ಹಾಗಾಗಿ ನಾಲ್ಕು ಲೀಟರ್ ಹೀರಿದ್ದರೆ 3.2 ಕಿಲೋ ಏರಿರಬೇಕು. ಎರಡೂವರೆ ಕಿಲೋ ಮಾತ್ರ ಏರಿದ್ದರೆ ಹತ್ತು ದಿನದ ಪೆಟ್ಟಿಗೆ ಎಂಟು ದಿನವೂ ಬಾಳುವುದಿಲ್ಲ. ಹಳೆಯ ಪೆಟ್ಟಿಗೆಗಳಲ್ಲಿ ರಂಧ್ರಗಳಿಗೆ ತೇವ ಸೇರಿ ಹೀಗಾಗುವುದುಂಟು. ಮುಚ್ಚಳ ತೆಗೆದು, ಬೋರಲು ಹಾಕಿ, ಬೆಚ್ಚಗಿನ ಕೋಣೆಯಲ್ಲಿ ಒಣಗಿಸಿದರೆ ಎಷ್ಟೋ ಸರಿಹೋಗುತ್ತದೆ.

ಕೈಪಿಡಿಯಲ್ಲಿರುವ ದಿನಗಳ ಲೆಕ್ಕವನ್ನಂತೂ ನಂಬಿ ಕೂರಬೇಡಿ. ಅದು ನೆಟ್ಟಗೆ, ಅಲುಗಾಡದೆ, ಮುಚ್ಚಳ ತೆಗೆಯದೆ ಇಟ್ಟಾಗಿನ ಲೆಕ್ಕ. ಗೋದಾಮಿನಲ್ಲಿ ಯಾರೋ ಅಡ್ಡ ಮಲಗಿಸಿದರೆ ತಣ್ಣನೆಯ ಆವಿ ಕತ್ತಿನಿಂದ ಹೊರಗೆ ಹರಿದು ಬಾಳಿಕೆ ಪಾತಾಳಕ್ಕಿಳಿಯುತ್ತದೆ. ಅಣಬೆಯಾಕಾರದ ಹೊರಪೆಟ್ಟಿಗೆ ಕೊಳ್ಳಲು ಇದೇ ಕಾರಣ. ಅದು ತಾನಾಗಿ ನೆಟ್ಟಗಾಗುತ್ತದೆ. ಪ್ರಯಾಣ ನಾಲ್ಕು ದಿನದ್ದಾದರೆ ಎಂಟು ದಿನದ ಬಾಳಿಕೆ ಇಟ್ಟುಕೊಳ್ಳಿ. ದತ್ತಾಂಶ ದಾಖಲಿಸುವ ತಾಪಮಾಪಕಕ್ಕೆ ಕೊಡುವ ದುಡ್ಡು ದಂಡವಲ್ಲ. ಮಾದರಿ ದಾರಿಯಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿತೇ ಎಂದು ಕಣ್ಣಿಗೆ ಕಾಣುವುದಿಲ್ಲ.

ನಮಗೆ ಹಿಡಿಸದ್ದು ಸ್ಟ್ರಾ, ಅಂದರೆ ಮಾದರಿ ತುಂಬಿದ ಸಣ್ಣ ಕೊಳವೆ, ಎತ್ತುವ ಸಂಗತಿ. ಮಾಮೂಲಿ ಕ್ಯಾನಿನಲ್ಲಿ ಗಾಬ್ಲೆಟ್ (ಸ್ಟ್ರಾಗಳನ್ನು ಹಿಡಿದಿಡುವ ಬಟ್ಟಲು) ಎತ್ತಿದಾಗ ಅದರೊಳಗೆ ಒಂದಿಷ್ಟು ದ್ರವ ಉಳಿದು ಸ್ಟ್ರಾಗಳನ್ನು ಕಾಯುತ್ತದೆ. ಇಲ್ಲಿ ಆ ರಕ್ಷಣೆಯಿಲ್ಲ. 0.25 ಮಿಲಿ ಸ್ಟ್ರಾ ಗಾಳಿಗೆ ಸಿಕ್ಕ ಕೆಲವೇ ಸೆಕೆಂಡಿನಲ್ಲಿ ಬಿಸಿಯೇರುತ್ತದೆ. ವಾಪಸ್ ಇಳಿಸುವಷ್ಟರಲ್ಲಿ ಮಂಜುಹರಳು ದೊಡ್ಡದಾಗಿ ಕೋಶಪೊರೆ ಹರಿದಿರಬಹುದು. ಪಕ್ಕದಲ್ಲೇ ದ್ರವ ತುಂಬಿದ ಕ್ಯಾನ್ ಇಟ್ಟುಕೊಂಡು, ನೇರ ಅದಕ್ಕೇ ವರ್ಗಾಯಿಸಿ. ಬೆಚ್ಚಗಿನ ಮಾದರಿಯನ್ನು ಡ್ರೈ ಶಿಪ್ಪರಿನಲ್ಲೇ ಹೆಪ್ಪುಗಟ್ಟಿಸುವ ಸಾಹಸವೂ ಬೇಡ. ಚರ್ಮಕೋಶಗಳನ್ನು ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಯುವ ಶೇ 10 ಡಿಎಂಎಸ್‌ಒ ದ್ರಾವಣದಲ್ಲಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ −80ಕ್ಕೆ ಇಳಿಸಿದ ಮೇಲಷ್ಟೇ ಒಳಗಿಡಿ.

ಇಷ್ಟು ನಾಜೂಕು ಅತಿಯೆನಿಸಿದರೆ ವಿಲ್ಲಾ ಎಂಬ ಕಪ್ಪುಕಾಲಿನ ಫೆರೆಟ್ (ಮುಂಗುಸಿಯಂತೆ ಕಾಣುವ, ಅಳಿವಿನಂಚಿನ ಅಮೆರಿಕದ ಪ್ರಾಣಿ) ನೆನಪಾಗಲಿ. 1988ರಲ್ಲಿ ಸತ್ತ ಅದರ ಕೋಶಗಳು ಸ್ಯಾನ್ ಡಿಯಾಗೋದ ಫ್ರೋಜನ್ ಝೂ ಎಂಬ ಬಯೋಬ್ಯಾಂಕಿನಲ್ಲಿದ್ದವು. ಅವುಗಳಿಂದ 2020ರ ಡಿಸೆಂಬರ್ 10ರಂದು ಎಲಿಜಬೆತ್ ಆ್ಯನ್ ಎಂಬ ತದ್ರೂಪಿ ಮರಿ ಹುಟ್ಟಿತು. ಆಗ ಬದುಕಿದ್ದ ಉಳಿದ ಕಪ್ಪುಕಾಲಿನ ಫೆರೆಟ್‌ಗಳೆಲ್ಲ ಏಳೇ ಪೂರ್ವಜರ ಸಂತತಿ, ವಿಲ್ಲಾ ಆ ಏಳರಲ್ಲಿ ಸೇರಿರಲಿಲ್ಲ.

ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಕೊಳ್ಳಬಹುದು, ಕಣ್ಣು ಮುಚ್ಚಿಕೊಂಡಲ್ಲ. ತುಂಬಿಸಿದ ಮರುದಿನ ಹೊರಮೈಯಲ್ಲಿ ಬೆವರೋ ಹಿಮವೋ ಕಂಡರೆ ಒಳಹೊರ ಗೋಡೆಗಳ ನಡುವಿನ ನಿರ್ವಾತ ಹೋಗಿದೆ, ಬಿಟ್ಟುಬಿಡಿ. ಮೂಲ ಫೋಮ್ ಬಿರಡೆ ಕಳೆದಿದ್ದರೆ ರಬ್ಬರ್ ಬಿರಡೆ ತುರುಕಬೇಡಿ: ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ, ಅದಕ್ಕೆ ಹೊರದಾರಿ ಬೇಕೇ ಬೇಕು.