ತೌಲನಿಕ ಸಾಹಿತ್ಯವೋ, ಒಂದೇ ಭಾಷೆಯ ಮೇಜರ್ರೋ?

ಪಿಯುಸಿ ಮುಗಿಸಿ ಸಾಹಿತ್ಯವನ್ನೇ ಓದಬೇಕು ಅಂತ ಗಟ್ಟಿ ಮಾಡಿಕೊಂಡವರಿಗೆ ಇದು. ಕನ್ನಡ, ಇಂಗ್ಲಿಷ್ ಮೇಜರ್ (ಅಂದರೆ ಬಿಎಯ ಮುಖ್ಯ ವಿಷಯ) ಶಿವಮೊಗ್ಗದಲ್ಲೇ ಸಿಗುತ್ತದೆ. ತೌಲನಿಕ ಸಾಹಿತ್ಯವನ್ನು, ಅಂದರೆ ಬೇರೆ ಬೇರೆ ಭಾಷೆಯ ಕೃತಿಗಳನ್ನು ಹೋಲಿಸಿ ನೋಡುವ ವಿಷಯವನ್ನು, ಬಿಎಯಲ್ಲೇ ಓದಬೇಕಾದರೆ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದಂಥ ಕಡೆ ಹೋಗಬೇಕು. ಅಲ್ಲಿ ಈ ವಿಭಾಗ ಶುರುವಾಗಿದ್ದೇ 1956ರಲ್ಲಿ.

ವ್ಯತ್ಯಾಸ ಏನು? ಇಂಗ್ಲಿಷ್ ಮೇಜರ್‌ನಲ್ಲಿ ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕ ಓದುತ್ತೀರಿ. ಕನ್ನಡದಲ್ಲಿ ಅದನ್ನೇ ಆಧರಿಸಿದ ಕುವೆಂಪು ಅವರ ರಕ್ತಾಕ್ಷಿ. ತೌಲನಿಕದಲ್ಲಿ ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು, ಡೆನ್ಮಾರ್ಕಿನ ಅರಮನೆಯ ಕಥೆ ನಮ್ಮ ಹೊಸನಗರ ಕಡೆಯ ಬಿದನೂರಿಗೆ ಬಂದಾಗ ಏನೇನು ಬದಲಾಯಿತು, ರಾಜಕುಮಾರನ ಹೆಸರಿದ್ದ ನಾಟಕಕ್ಕೆ ಹೆಣ್ಣಿನ ಹೆಸರು ಯಾಕೆ ಬಂತು ಅಂತ ಕೇಳುತ್ತೀರಿ. ಮಳೆಯಲ್ಲಿ ಆ ಬಿದನೂರಿನ, ಅಂದರೆ ಈಗ ‘ನಗರ’ ಅನ್ನುವ ಊರಿನ, ಕೋಟೆ ಹತ್ತಿ, ಪಾಚಿ ಹಿಡಿದ ಕಲ್ಲು ಮುಟ್ಟಿ ಬಂದವರಿಗೆ ಈ ಪ್ರಶ್ನೆ ಬೇರೆಯೇ ಥರ ತಟ್ಟುತ್ತದೆ, ಅಲ್ವಾ? ನನಗಂತೂ ತಟ್ಟಿತು.

ಆದರೆ ಒಂದೇ ಭಾಷೆಯ ಆಳಕ್ಕಿಳಿಯಲು ತೌಲನಿಕದಲ್ಲಿ ಸಮಯ ಕಡಿಮೆ. ಪಂಪನ ಪದ್ಯವನ್ನು ಬಿಡಿಸಿ ಬಿಡಿಸಿ ಓದುವ ಸುಖ ಕನ್ನಡ ಮೇಜರ್‌ನಲ್ಲೇ ಜಾಸ್ತಿ.

ಕೆಲಸ? ಊರ ಕಡೆ ಮೇಷ್ಟ್ರಾಗಬೇಕಾದರೆ ಕನ್ನಡ ಅಥವಾ ಇಂಗ್ಲಿಷೇ ಸಲೀಸು. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ಬರೆಯುವ ನೆಟ್ ಪರೀಕ್ಷೆಯಲ್ಲಿ ತೌಲನಿಕ ಸಾಹಿತ್ಯವೂ ಒಂದು ವಿಷಯ ಅನ್ನೋದು ನಿಜ, ಆದರೆ ಅದು ಎಂಎ ನಂತರದ ಮಾತು.

ಮನೆ ಬಿಟ್ಟು ಹೋಗೋಕೆ ಆಗದವರು ಸುಮ್ನೆ ಬೇಜಾರಾಗಬೇಡಿ. ಇಲ್ಲೇ ಕನ್ನಡ ಬಿಎ ಮಾಡಿ, ಜೊತೆಗೆ ಇಂಗ್ಲಿಷನ್ನೂ ಗಟ್ಟಿಯಾಗಿ ಓದಿ, ಆಮೇಲೆ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯದ ಎಂಎಗೆ ಪ್ರಯತ್ನಿಸಿ. ನನ್ನ ತಂಗಿಗೂ ಇದನ್ನೇ ಹೇಳಿದ್ದೇನೆ.